0.98 ವೋಲ್ಟ್: ಒಂದು ಸಂಖ್ಯೆಯ ಚರಿತ್ರೆ

ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠದಲ್ಲಿ ರಿಯೊಸ್ಟ್ಯಾಟನ್ನು ಮೇಜಿನ ಮೇಲಿಟ್ಟು ನಾನು ಕೊಡುತ್ತಿದ್ದ ಒಂದು ಉದಾಹರಣೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇದೇ ವಸ್ತುವನ್ನು ಬಾಗಿಸಿ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿಸಿ ಅಮೆರಿಕದ ಕಾರುಗಳಲ್ಲಿ ಕೂರಿಸಿದ್ದಾರೆ. ಅದನ್ನು ಸರಿಯಾಗಿ 0.98 ವೋಲ್ಟಿಗೆ ನಿಲ್ಲಿಸದಿದ್ದರೆ ಇಂಜಿನ್ ಹದದಲ್ಲಿ ನಡೆಯುವುದಿಲ್ಲ ಎನ್ನುತ್ತಿದ್ದೆ. ಆ ಮಾತಿನ ಪೂರ್ವಾರ್ಧ ನಿಜ. ಉತ್ತರಾರ್ಧ ತಪ್ಪು. ತಡವಾಗಿಯಾದರೂ ಅದನ್ನು ತಿದ್ದುವುದು ಮೇಷ್ಟರ ಕರ್ತವ್ಯವಾದುದರಿಂದ ಈ ಲೇಖನ.

ಆ ಸಂಖ್ಯೆ ನನಗೆ ದೊರೆತದ್ದು 1990ರ ದಶಕದ ನಡುವಿನಲ್ಲಿ, ಅಮೆರಿಕದಿಂದ ರಜೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಆತ ಕೈಬದಲಿಸಿದ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡಿದ್ದ. ಕೆಂಪು ದೀಪದ ಬಳಿ ನಿಂತಾಗಲೆಲ್ಲ ಅದರ ಇಂಜಿನ್ ಏರಿಳಿಯುತ್ತಿತ್ತಂತೆ. ಮನೆಯ ಮುಂದೆಯೇ ಬಾನೆಟ್ ಎತ್ತಿ, ಮಲ್ಟಿಮೀಟರ್ ಹಿಡಿದು, ಥ್ರಾಟಲ್ ಪೊಸಿಷನ್ ಸೆನ್ಸರನ್ನು ತಾನೇ ಹೊಂದಿಸಿದ ಕಥೆಯನ್ನು ಬಹಳ ಉತ್ಸಾಹದಿಂದ ಹೇಳಿದ. ನಾನು ಮರುದಿನವೇ ಅದನ್ನು ಪಾಠಕ್ಕೆ ಸೇರಿಸಿಕೊಂಡೆ. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನವೇ. 1999ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರಾಜಧಾನಿ ಪ್ರದೇಶದ ಹೊಸ ಕಾರುಗಳಿಗೆ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ನಂತರವೇ ಇಂಜೆಕ್ಷನ್ ಇಂಜಿನ್ನುಗಳು ಇಲ್ಲಿ ಸಾಮಾನ್ಯವಾದದ್ದು. ಹೀಗಾಗಿ ನನ್ನ ಮಾತನ್ನು ಪರೀಕ್ಷಿಸಿ ನೋಡುವ ಅನುಕೂಲ ತರಗತಿಯಲ್ಲಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಇಂಜಿನ್ನಿನೊಳಕ್ಕೆ ಗಾಳಿ ಹೋಗುವ ಕೊಳವೆಯಲ್ಲಿ ಒಂದು ದುಂಡನೆಯ ತಗಡು ಇರುತ್ತದೆ. ಆಕ್ಸಿಲರೇಟರನ್ನು ತುಳಿದರೆ ಅದು ತೆರೆದುಕೊಳ್ಳುತ್ತದೆ, ಕಾಲು ತೆಗೆದರೆ ಮುಚ್ಚಿಕೊಳ್ಳುತ್ತದೆ. ಇದೇ ಥ್ರಾಟಲ್. ಕಾರ್ಬ್ಯುರೇಟರಿನಲ್ಲಿ ಹಾದುಹೋಗುವ ಗಾಳಿಯೇ ಪೆಟ್ರೋಲನ್ನು ಎಳೆದುಕೊಳ್ಳುವುದರಿಂದ ತಗಡು ಎಷ್ಟು ತೆರೆದಿದೆ ಎಂದು ಯಾರಿಗೂ ವರದಿ ಒಪ್ಪಿಸಬೇಕಾಗಿರಲಿಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ವಿದ್ಯುತ್ ಮಂಡಲಕ್ಕೆ ಬಂದ ಮೇಲೆ ಈ ವರದಿ ಬೇಕಾಯಿತು.

ಅಮೆರಿಕದ ಬೆಂಡಿಕ್ಸ್ ಕಂಪನಿ 1957ರಲ್ಲಿ ‘ಎಲೆಕ್ಟ್ರೋಜೆಕ್ಟರ್’ ಎಂಬ ವ್ಯವಸ್ಥೆಯನ್ನು ಹೊರತಂದಿತು. ಅದು ಕೆಲವೇ ಕಾರುಗಳಿಗೆ ಸೇರಿತು; ಅವುಗಳಲ್ಲಿಯೂ ಹೆಚ್ಚಿನವಕ್ಕೆ ಮತ್ತೆ ಕಾರ್ಬ್ಯುರೇಟರನ್ನೇ ಜೋಡಿಸಬೇಕಾಯಿತು. ಅದರ ಹಕ್ಕುಪತ್ರಗಳನ್ನು ಬಳಸಿಕೊಂಡ ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ‘ಡಿ-ಜೆಟ್ರಾನಿಕ್’ ಅನ್ನು ತಂದಿತು. ಅಮೆರಿಕದ ಹೊಗೆ ನಿಯಮಗಳಿಗೆ ಹೊಂದಬೇಕಾಗಿದ್ದ ಫೋಕ್ಸ್‌ವ್ಯಾಗನ್ 1600 ಕಾರು ಅದನ್ನು ಮೊದಲು ಧರಿಸಿತು.

ಮನೆಯಲ್ಲಿ ಹೊಂದಿಸುವ ಕಥೆಯ ನಿಜವಾದ ಮೊದಲ ಅಧ್ಯಾಯ ಇಲ್ಲಿದೆ. ಡಿ-ಜೆಟ್ರಾನಿಕ್‌ನಲ್ಲಿ ಥ್ರಾಟಲಿನ ಅಕ್ಷದ ತುದಿಗೆ ಇದ್ದದ್ದು ಒಂದು ಸ್ವಿಚ್ಚು. ಅದರೊಳಗೆ ಬಾಚಣಿಗೆಯ ಹಲ್ಲುಗಳಂತೆ ಸ್ಪರ್ಶಕಗಳ ಸಾಲು. ಚಾಲಕ ಆಕ್ಸಿಲರೇಟರನ್ನು ತುಳಿದಾಗ ಒಂದು ಮುಳ್ಳು ಈ ಹಲ್ಲುಗಳ ಮೇಲೆ ಹಾಯುತ್ತಿತ್ತು. ಒಂದೊಂದು ಸ್ಪರ್ಶಕ್ಕೂ ಪೆಟ್ರೋಲಿನ ಒಂದೊಂದು ಹೆಚ್ಚುವರಿ ಗುಟುಕು. ಕಾಲು ತೆಗೆದದ್ದನ್ನು ತಿಳಿಸಲು ಬೇರೊಂದು ಸ್ಪರ್ಶಕವಿತ್ತು. ಅದು ತಪ್ಪು ಸ್ಥಾನದಲ್ಲಿ ಕೂಡಿದರೆ ಇಂಜಿನ್ ಜಗ್ಗಾಡುವುದು ಖಂಡಿತ. ಎರಡು ತಿರುಪುಗಳನ್ನು ಸಡಿಲಿಸಿ, ಓಮ್‌ಮೀಟರಿನ ಎರಡು ತುದಿಗಳನ್ನು ಚುಚ್ಚಿ, ಥ್ರಾಟಲ್ ಮುಚ್ಚಿದಾಗ ಆ ಸ್ಪರ್ಶಕ ಕೂಡಿ, ತುಸು ತೆರೆಯುತ್ತಲೇ ಬಿಡುವ ಹಾಗೆ ಸ್ವಿಚ್ಚನ್ನು ಕೂದಲೆಳೆಯಷ್ಟು ತಿರುಗಿಸಬೇಕಾಗಿತ್ತು. ಕೂಡಿತು ಅಥವಾ ಕೂಡಲಿಲ್ಲ, ಎರಡೇ ಉತ್ತರ. ಇದು ನಂಬಿಕೆಯ ವಿಷಯವಾಗಿರಲಿಲ್ಲ, ಯಂತ್ರದ ಅಗತ್ಯವಾಗಿತ್ತು.

1980ರ ದಶಕದ ಹೊತ್ತಿಗೆ ಹಲವು ಕಾರುಗಳಲ್ಲಿ ಸ್ವಿಚ್ಚಿನ ಸ್ಥಾನಕ್ಕೆ ನಮ್ಮ ರಿಯೊಸ್ಟ್ಯಾಟಿನ ತಮ್ಮ ಬಂದ. ಕಮಾನಿನಂತೆ ಬಾಗಿದ ಪ್ರತಿರೋಧದ ಪಟ್ಟಿ, ಅದರ ಒಂದು ತುದಿಗೆ 5 ವೋಲ್ಟು, ಇನ್ನೊಂದು ತುದಿಗೆ ಸೊನ್ನೆ, ನಡುವೆ ಜಾರುವ ಮುಳ್ಳು. ಮುಳ್ಳು ಮುಟ್ಟಿದ ಜಾಗದ ವೋಲ್ಟೇಜೇ ಥ್ರಾಟಲಿನ ಸ್ಥಾನ. 1986ರ ಮಾದರಿಯಿಂದ ಮಸ್ಟಾಂಗಿನ 5.0 ಲೀಟರ್ ಇಂಜಿನ್ನಿಗೆ ಪ್ರತ್ಯೇಕ ಇಂಜೆಕ್ಟರುಗಳೂ ಅವನ್ನು ಆಳುವ ಇಇಸಿ-4 ಎಂಬ ಕಂಪ್ಯೂಟರೂ ಬಂದವು. ಅದರ ಒಡೆಯರ ನಡುವೆ ಆ ಸಂಖ್ಯೆ ಬಾಯಿಂದ ಬಾಯಿಗೆ ಹರಡಿತು: ಥ್ರಾಟಲ್ ಮುಚ್ಚಿರುವಾಗ ಸೆನ್ಸರ್ 0.98 ತೋರಿಸಬೇಕು, ಒಂದು ವೋಲ್ಟನ್ನು ದಾಟಕೂಡದು. ವಿಚಿತ್ರವೆಂದರೆ ಆ ಸೆನ್ಸರಿಗೆ ತಿರುಗಲು ಜಾಗವೇ ಇರಲಿಲ್ಲ. ತಿರುಪಿನ ರಂಧ್ರಗಳು ದುಂಡಗಿದ್ದವು. ಜನರು ಅರದಿಂದ ರಂಧ್ರಗಳನ್ನು ಉಜ್ಜಿ ಉದ್ದಮಾಡಿ, ತಂತಿಯ ಹೊದಿಕೆಗೆ ಸೇಫ್ಟಿ ಪಿನ್ ಚುಚ್ಚಿ, ಆ ಸಂಖ್ಯೆ ಬರುವವರೆಗೆ ಅದನ್ನು ತಿರುಗಿಸುತ್ತಿದ್ದರು. ತಯಾರಕರು ರಂಧ್ರಗಳನ್ನು ದುಂಡಗೆ ಬಿಟ್ಟದ್ದೇಕೆ ಎಂದು ಅವರು ಕೇಳಿಕೊಳ್ಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲವೆಂಬುದೇ ಈಗ ನನಗೆ ಚುಚ್ಚುವ ಸಂಗತಿ.

ಉತ್ತರವಿದ್ದದ್ದು ಕಂಪ್ಯೂಟರಿನ ಕ್ರಮವಿಧಿಯಲ್ಲಿ. ಅದನ್ನು ಆಸಕ್ತರು ಬಿಡಿಸಿ ಓದಿದಾಗ ತಿಳಿದುಬಂದದ್ದಿಷ್ಟು: ಕೀ ತಿರುಗಿಸಿದ ಬಳಿಕ ಕಂಡ ಅತ್ಯಂತ ಕಡಿಮೆ ವೋಲ್ಟೇಜನ್ನೇ ಆ ಯಂತ್ರ ‘ಮುಚ್ಚಿದ ಥ್ರಾಟಲ್’ ಎಂದು ಗುರುತಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ಏರಿತು ಎಂಬ ವ್ಯತ್ಯಾಸವಷ್ಟೇ ಅದಕ್ಕೆ ಬೇಕು. ಒಂದು ವಿಶಾಲವಾದ ಮಿತಿಯೊಳಗೆ ಇರುವವರೆಗೆ 0.80 ಆದರೇನು, 0.98 ಆದರೇನು, ಎರಡೂ ಒಂದೇ. ತಕ್ಕಡಿಯಲ್ಲಿ ಮೊದಲು ಪಾತ್ರೆಯ ಧಡೆ ಕಟ್ಟಿ ಆಮೇಲೆ ಎಣ್ಣೆ ತೂಗುವ ಅಂಗಡಿಯವನ ವಿವೇಕವೇ ಇದು. ಜರ್ಮನಿಯ ಸ್ವಿಚ್ಚಿಗೆ ಇಲ್ಲದ ಆ ವಿವೇಕ ಈ ಯಂತ್ರಕ್ಕೆ ಬಂದಿತ್ತು. ಹಳೆಯ ಕಾಲದ ಕೈಗಳು ಮಾತ್ರ ಹೊಂದಿಸುವುದನ್ನು ಬಿಟ್ಟಿರಲಿಲ್ಲ.

ಹಾಗಾದರೆ ಅಷ್ಟೊಂದು ಜನರ ಕಾರುಗಳು ಸರಿಹೋದದ್ದು ಸುಳ್ಳೇ? ಸುಳ್ಳಲ್ಲ. ಸೆನ್ಸರನ್ನು ಮುಟ್ಟುವ ಮೊದಲು ಅವರು ಥ್ರಾಟಲಿನ ಕೊಳವೆಯೊಳಗಿನ ಮಸಿಯನ್ನು ತೊಳೆಯುತ್ತಿದ್ದರು. ಬ್ಯಾಟರಿಯ ತಂತಿ ಕಳಚಿ ಕಂಪ್ಯೂಟರಿನ ಹಳೆಯ ನೆನಪನ್ನು ಅಳಿಸುತ್ತಿದ್ದರು. ಥ್ರಾಟಲಿನ ನಿಲುಗಡೆಯ ತಿರುಪನ್ನು ಸರಿಮಾಡುತ್ತಿದ್ದರು. ಕೊನೆಯಲ್ಲಿ ಮೀಟರ್ ನೋಡಿ 0.98ಕ್ಕೆ ನಿಲ್ಲಿಸುತ್ತಿದ್ದರು. ಗುಣವಾದ ಮೇಲೆ ಕೊನೆಯಲ್ಲಿ ಕೊಟ್ಟ ಔಷಧಕ್ಕೇ ಹೆಸರು ಬರುವುದು ಕಾರುಗಳ ಲೋಕದಲ್ಲಿ ಮಾತ್ರವೇನಲ್ಲ.

ಈಚಿನ ಕಾರುಗಳಲ್ಲಿ ಆಕ್ಸಿಲರೇಟರಿಗೂ ಥ್ರಾಟಲಿಗೂ ನಡುವೆ ಕೇಬಲ್ ಇಲ್ಲ. ಮೋಟರೊಂದು ತಗಡನ್ನು ತಿರುಗಿಸುತ್ತದೆ. ಒಂದರ ಮಾತನ್ನು ಇನ್ನೊಂದು ತಾಳೆ ನೋಡಲೆಂದು ಎರಡು ಸೆನ್ಸರುಗಳು ಒಳಗೆ ಮುಚ್ಚಿಕೊಂಡಿರುತ್ತವೆ. ಹೊರಗಿನಿಂದ ಸಡಿಲಿಸಲು ತಿರುಪಿಲ್ಲ.

ಇದನ್ನು ಬರೆಯುವ ಮೊದಲು ಆ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. ಈಗ ಅವನೂ ನಿವೃತ್ತಿಯ ಅಂಚಿನಲ್ಲಿದ್ದಾನೆ. "ಅವತ್ತು ಸೆನ್ಸರ್ ಬಿಟ್ಟು ಬೇರೆ ಏನನ್ನಾದರೂ ಮುಟ್ಟಿದ್ದೆಯೇನಪ್ಪಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಥ್ರಾಟಲ್ ಪೂರಾ ಮಸಿ ಹಿಡಿದಿತ್ತು ಸಾರ್, ಅದನ್ನೂ ತೊಳೆದಿದ್ದೆ. ಅದನ್ನು ನಿಮಗೆ ಹೇಳಿರಲಿಲ್ಲವೇ?" ಎಂದ.