ತೆರೆಯ ಈಚೆ ನಿಂತ ಗುರು

1951ರ ನವೆಂಬರ್ 22ರಂದು ವ್ಯಾಟಿಕನ್ನಿನಲ್ಲಿ ಪೋಪರ ವಿಜ್ಞಾನ ಅಕಾಡೆಮಿಯ ಸಭೆ ಕೂಡಿತ್ತು. ಅಂದು ಪೋಪ್ ಹನ್ನೆರಡನೆಯ ಪಿಯುಸರ ಮಾತಿನಲ್ಲಿ ಹರ್ಷ ತುಂಬಿತ್ತು. ಗೆಲಾಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿವೆ. ಅವು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ, ನೂರಾರು ಕೋಟಿ ವರ್ಷಗಳ ಆಚೆ, ವಿಶ್ವದ ಮೊದಲ ಗಳಿಗೆಯ ಹೊಸ್ತಿಲು ಸಿಗುತ್ತದೆ. ದೇವರು ಬೆಳಕನ್ನು ಕರೆದ ಬೈಬಲ್ಲಿನ ಆದಿಕಾಂಡದ ಆ ಕ್ಷಣಕ್ಕೆ ಇಂದಿನ ವಿಜ್ಞಾನವೇ ಸಾಕ್ಷಿ ನಿಂತಂತಿದೆ, ಆದ್ದರಿಂದ ಸೃಷ್ಟಿಕರ್ತನಿದ್ದಾನೆ ಎಂದು ಅವರು ಸಾರಿದರು. ವಿಜ್ಞಾನವೊಂದೇ ಇದಕ್ಕೆ ಪೂರ್ಣ ಪ್ರಮಾಣವಾಗಲಾರದೆಂಬ ಎಚ್ಚರಿಕೆಯೂ ಆ ಭಾಷಣದಲ್ಲಿತ್ತು. ಲೋಕದ ಕಿವಿಗೆ ಬಿದ್ದದ್ದು ಮಾತ್ರ ಆ ಹರ್ಷೋದ್ಗಾರ.

ಆ ಹರ್ಷದಲ್ಲಿ ಪಾಲುಗೊಳ್ಳದ ಒಬ್ಬರಿದ್ದರು. ಅವರು ಅದೇ ಅಕಾಡೆಮಿಯ ಸದಸ್ಯರು, ದೀಕ್ಷೆ ಪಡೆದ ಗುರು. ಪೋಪರು ಆಧಾರವಾಗಿ ಹಿಡಿದ ವಿಚಾರ ಮೊದಲು ಮೂಡಿದ್ದೇ ಅವರ ಲೇಖನಿಯಲ್ಲಿ.

ಜಾರ್ಜ್ ಲೆಮೇತ್ರ ಹುಟ್ಟಿದ್ದು 1894ರ ಜುಲೈ 17ರಂದು, ಬೆಲ್ಜಿಯಂನ ಕಲ್ಲಿದ್ದಲ ಸೀಮೆಯ ಶಾರ್ಲರ್ವಾ ಊರಿನಲ್ಲಿ. ಗುರುವೂ ಆಗಬೇಕು, ವಿಜ್ಞಾನಿಯೂ ಆಗಬೇಕು ಎಂಬ ಎರಡು ಬಯಕೆ ಅವರಲ್ಲಿ ಬಾಲ್ಯದಲ್ಲೇ ಒಟ್ಟಿಗೆ ಮೊಳೆತವು. ಲೂವೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ 1914ರ ಆಗಸ್ಟ್ ಬಂತು. ಜರ್ಮನ್ ಸೈನ್ಯ ಗಡಿ ದಾಟಿತು. ಅದೇ ತಿಂಗಳು ಲೂವೆನ್‌ನ ವಿಶ್ವವಿದ್ಯಾಲಯದ ಗ್ರಂಥಾಲಯ ಉರಿದು ಬೂದಿಯಾಯಿತು. ಸ್ವಯಂಸೇವಕನಾಗಿ ಸೇನೆಗೆ ಸೇರಿದ ಆ ತರುಣ ಈಜೆರ್ ನದಿಯ ದಂಡೆಯಲ್ಲಿ ಕಾದಾಡಿದ, ಈಪ್ರ್ ಬಳಿ ಹರಿದುಬಂದ ಕ್ಲೋರಿನ್ ವಿಷಗಾಳಿಯನ್ನು ಕಂಡ, ಶೌರ್ಯಪದಕ ಪಡೆದ. ಕಂದಕಗಳಲ್ಲಿ ಬಿಡುವು ಸಿಕ್ಕಾಗ ಅವನ ಕೈಯಲ್ಲಿರುತ್ತಿದ್ದುದು ಗಣಿತಜ್ಞ ಪ್ವಾಂಕರೆಯ ಪುಸ್ತಕ. ಮನಸ್ಸು ಚಿಂತಿಸುತ್ತಿದ್ದುದು ಆದಿಕಾಂಡವನ್ನು.

ಯುದ್ಧ ಮುಗಿದ ಮೇಲೆ ಗಣಿತದಲ್ಲಿ ಡಾಕ್ಟರೇಟ್, ಅದರ ಬೆನ್ನಿಗೇ ಮೆಕೆಲೆನ್‌ನ ಸೆಮಿನರಿ. ಅಲ್ಲಿ ಅವರು ದೇವರ ಮೊದಲ ಮೂರು ನುಡಿಗಳನ್ನು ಕುರಿತು ಒಂದು ಪ್ರಬಂಧ ಬರೆದರು. ಬೆಳಕನ್ನು ಕುರಿತು ಭೌತಶಾಸ್ತ್ರ ಹೇಳುವುದನ್ನೂ ಪವಿತ್ರ ಗ್ರಂಥ ಹೇಳುವುದನ್ನೂ ಒಂದಕ್ಕೊಂದು ಹೊಸೆಯುವ ಯತ್ನ ಅದು. ಮುಂದೆ ಆ ದಾರಿಯನ್ನೇ ಅವರು ಬಿಟ್ಟುಬಿಟ್ಟರು. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ: ಪೋಪರನ್ನು ಸೆಳೆದ ಆಸೆ ಲೆಮೇತ್ರರಿಗೆ ಅಪರಿಚಿತವಾಗಿರಲಿಲ್ಲ. ಮೂವತ್ತು ವರ್ಷ ಮೊದಲೇ ಅವರು ಅದನ್ನು ತಮ್ಮೊಳಗೆ ಕಂಡು, ತೂಗಿ, ಪಕ್ಕಕ್ಕಿಟ್ಟಿದ್ದರು.

1923ರ ಸೆಪ್ಟೆಂಬರ್ 22ರಂದು ಕಾರ್ಡಿನಲ್ ಮೆರ್ಸಿಯೆ ಅವರಿಂದ ಗುರುದೀಕ್ಷೆ. ಬಳಿಕ ಕೇಂಬ್ರಿಡ್ಜ್‌ನಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ನರ ಬಳಿ ಒಂದು ವರ್ಷ, ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಒಂದು ವರ್ಷ. ಲೂವೆನ್‌ಗೆ ಮರಳಿ, 1927ರಲ್ಲಿ ಬ್ರಸೆಲ್ಸ್‌ನ ಒಂದು ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯ ಲೇಖನ ಪ್ರಕಟಿಸಿದರು. ಐನ್‌ಸ್ಟೈನರ ಸಮೀಕರಣಗಳಿಂದ ಹೊರಟು, ಗೆಲಾಕ್ಸಿಗಳ ವೇಗ ಮತ್ತು ದೂರಗಳನ್ನು ಅವುಗಳೊಂದಿಗೆ ಹೊಂದಿಸಿ, ವಿಶ್ವವೇ ಹಿಗ್ಗುತ್ತಿದೆ ಎಂದು ಅಲ್ಲಿ ತೋರಿಸಿದ್ದರು. ಓದಿದವರು ವಿರಳ. ಆ ವರ್ಷ ಭೌತವಿಜ್ಞಾನಿಗಳ ಸಾಲ್ವೇ ಸಮ್ಮೇಳನಕ್ಕೆ ಬ್ರಸೆಲ್ಸ್‌ಗೆ ಬಂದ ಐನ್‌ಸ್ಟೈನರು, ಲೆಕ್ಕವೇನೋ ಸರಿಯಾಗಿದೆ, ಭೌತಶಾಸ್ತ್ರ ಮಾತ್ರ ಅಸಹ್ಯ ಎಂದುಬಿಟ್ಟರು. 1929ರಲ್ಲಿ ಖಗೋಳಜ್ಞ ಹಬಲ್‌ರ ಅಳತೆಗಳು ಬಂದ ಮೇಲೆ ಗಾಳಿ ತಿರುಗಿತು. 1931ರಲ್ಲಿ ಲೇಖನ ಇಂಗ್ಲಿಷಿನಲ್ಲಿ ಬಂದಾಗ, ಹಿಗ್ಗುವಿಕೆಯ ದರವನ್ನು ಲೆಕ್ಕಹಾಕಿದ್ದ ಭಾಗ ಅದರಲ್ಲಿರಲಿಲ್ಲ. ಯಾರೋ ಅನ್ಯಾಯ ಮಾಡಿದರೆಂಬ ಶಂಕೆ ಬಹುಕಾಲ ಇತ್ತು. ಆ ಭಾಗವನ್ನು ಕೈಬಿಟ್ಟವರು ಅನುವಾದಿಸಿದ ಲೆಮೇತ್ರರೇ ಎಂದು 2011ರಲ್ಲಿ ತಿಳಿದುಬಂತು. ಹೊಸ ಅಳತೆಗಳಿರುವಾಗ ಹಳೆಯ ಅಂಕಿಗಳೇಕೆ ಎಂಬುದು ಅವರ ಭಾವನೆ.

1931ರ ಮೇ 9ರಂದು ‘ನೇಚರ್’ ಪತ್ರಿಕೆಯಲ್ಲಿ ಅವರದೊಂದು ಕಿರುಲೇಖನ ಬಂತು. ವಿಶ್ವದ ಸಮಸ್ತ ದ್ರವ್ಯವೂ ಒಂದೇ ಪರಮಾಣುವಾಗಿದ್ದ ಸ್ಥಿತಿಯೊಂದಿತ್ತು. ಅದು ಒಡೆಯುತ್ತ ಹೋದಂತೆ ಲೋಕ ಹರಡಿತು. ದೇಶ, ಕಾಲ ಎಂಬ ಮಾತುಗಳಿಗೆ ಅರ್ಥ ಬಂದದ್ದೇ ಆ ಬಳಿಕ ಎಂಬುದು ಅದರ ಸಾರ. ಪ್ರಕೃತಿಗೆ ಹಠಾತ್ತನೆ ಒಂದು ಆರಂಭವಿತ್ತೆಂಬ ಕಲ್ಪನೆ ಅವರಿಗೆ ಕಲಿಸಿದ್ದ ಎಡಿಂಗ್ಟನ್ನರಿಗೇ ರುಚಿಸಿರಲಿಲ್ಲ. ಪಾದ್ರಿಯೊಬ್ಬ ಆದಿಕಾಂಡವನ್ನು ಸಮೀಕರಣಗಳೊಳಗೆ ತೂರಿಸುತ್ತಿದ್ದಾನೆಂಬ ಗುಮಾನಿಯೂ ಹಬ್ಬಿತು.

1951ರ ಭಾಷಣ ಆ ಗುಮಾನಿಗೆ ಎಣ್ಣೆ ಸುರಿಯುವಂತಿತ್ತು. ವಿಜ್ಞಾನಿಗಳಲ್ಲೂ ಆಗ ಒಮ್ಮತವಿರಲಿಲ್ಲ: ಆದಿಯೇ ಇಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು ಹಾಯ್ಲ್, ಬಾಂಡಿ, ಗೋಲ್ಡ್ 1948ರಲ್ಲಿ ಮುಂದಿಟ್ಟಿದ್ದರು. ಅಂದಿನ ಹಿಗ್ಗುವಿಕೆಯ ದರದಿಂದ ನೇರವಾಗಿ ಲೆಕ್ಕಹಾಕಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು! ಇಂಥ ವಾದದ ಕಂಬಕ್ಕೆ ಧರ್ಮಸಭೆಯ ವಿಶ್ವಾಸವನ್ನು ಕಟ್ಟುವುದು ಎಷ್ಟು ಅಪಾಯವೆಂದು ಲೆಮೇತ್ರರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಆದರೆ ಅವರ ಅಳುಕಿನ ಬೇರು ಇನ್ನೂ ಆಳಕ್ಕೆ ಇಳಿದಿತ್ತು. ಆರಂಭವೇ ಬೇರೆ, ಸೃಷ್ಟಿಯೇ ಬೇರೆ. ಹದಿಮೂರನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಇದನ್ನು ಬಿಡಿಸಿಟ್ಟಿದ್ದರು. ಲೋಕಕ್ಕೆ ಆದಿಯಿತ್ತೆಂಬುದು ವಿಶ್ವಾಸದಿಂದ ಬಲ್ಲ ವಿಷಯ. ತರ್ಕ ಅದನ್ನು ಸಾಧಿಸಲೂ ಆರದು, ಅಲ್ಲಗಳೆಯಲೂ ಆರದು. ಅವರು ಹಳೆಯದೊಂದು ಉಪಮೆಯನ್ನು ನೆನೆಯುತ್ತಾರೆ. ಅನಾದಿಯಿಂದ ಒಂದು ಪಾದ ಧೂಳಿನ ಮೇಲೆ ಊರಿಯೇ ಇದೆ ಎನ್ನಿ. ಕೆಳಗಿನ ಹೆಜ್ಜೆಗುರುತೂ ಅನಾದಿಯೇ. ಆದರೂ ಆ ಗುರುತು ಪಾದದಿಂದಲೇ ಆದದ್ದು. ಹಾಗೆಯೇ ಲೋಕ ಎಂದೋ ಶುರುವಾಗಲಿ, ಶುರುವೇ ಇಲ್ಲದಿರಲಿ, ಅದರ ಇರವು ಪ್ರತಿ ಕ್ಷಣವೂ ದೇವರನ್ನು ಆತು ನಿಂತಿದೆ. ಸೃಷ್ಟಿ ಎಂದರೆ ಆ ಆಸರೆ. ಅದನ್ನು ಮೊದಲ ಗಳಿಗೆಯ ಸಿಡಿತಕ್ಕೆ ಇಳಿಸಿದರೆ, ದೇವರೂ ಭೌತಶಾಸ್ತ್ರದ ಕಾರಣಗಳ ಸಾಲಿನಲ್ಲಿ ಒಂದು ಕಾರಣವಾಗಿಬಿಡುತ್ತಾನೆ. ಕಥೋಲಿಕ ಚಿಂತನೆಯ ಈ ಗಾಂಭೀರ್ಯವನ್ನು ಪೋಪರ ಭಾಷಣಕ್ಕಿಂತ ಲೆಮೇತ್ರರ ಮೌನವೇ ಹೆಚ್ಚು ಕಾಪಾಡಿತೆಂದು ನಾನು ನಂಬಿದ್ದೇನೆ.

ಅವರು ಪತ್ರಿಕೆಗಳಲ್ಲಿ ಪೋಪರಿಗೆ ಎದುರಾಡಲಿಲ್ಲ. ರೋಮಿನಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ, ಯೇಸುಸಭೆಯ ಡೇನಿಯಲ್ ಓಕಾನೆಲ್ ಅವರೊಡನೆ ಸಮಾಲೋಚಿಸಿದರು. 1952ರ ಸೆಪ್ಟೆಂಬರ್ 7ರಂದು ಜಗತ್ತಿನ ಖಗೋಳಜ್ಞರು ರೋಮಿನ ಬಳಿಯ ಕಾಸ್ಟೆಲ್ ಗಂಡೋಲ್ಫೊದಲ್ಲಿ ಪೋಪರೆದುರು ಸೇರಿದರು. ಹನ್ನೆರಡನೆಯ ಪಿಯುಸರು ಆಕಾಶದ ವೈಭವವನ್ನೂ ಮಾನವ ಬುದ್ಧಿಯ ಸಾಹಸವನ್ನೂ ಕೊಂಡಾಡಿದರು. ವಿಶ್ವದ ಆರಂಭವನ್ನು ದೇವರಿಗೆ ಸಾಕ್ಷಿಯಾಗಿ ನಿಲ್ಲಿಸುವ ಹಿಂದಿನ ವರ್ಷದ ವಾದ ಅಲ್ಲಿ ಮರುಕಳಿಸಲಿಲ್ಲ.

1960ರಲ್ಲಿ ಲೆಮೇತ್ರರು ಅದೇ ಅಕಾಡೆಮಿಯ ಅಧ್ಯಕ್ಷರಾದರು. 1965ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಮಂದ ವಿಕಿರಣದ ಸುದ್ದಿ ಪ್ರಕಟಿಸಿದರು. ಅದು ಆದಿಯ ಕಾವಿನ ಉಳಿಕೆ. ಹಾಸಿಗೆ ಹಿಡಿದಿದ್ದ ಗುರುವಿಗೆ ಸಹೋದ್ಯೋಗಿ ಓದೋನ್ ಗೊದಾರ್ ಆ ಸುದ್ದಿ ಮುಟ್ಟಿಸಿದರು. 1966ರ ಜೂನ್ 20ರಂದು ಲೂವೆನ್‌ನಲ್ಲಿ ಲೆಮೇತ್ರರು ತೀರಿಕೊಂಡರು.

‘ನೇಚರ್’ನ ಆ ಕಿರುಲೇಖನದ ಬೆರಳಚ್ಚು ಪ್ರತಿ ಅವರ ಕಾಗದಪತ್ರಗಳಲ್ಲಿ ಉಳಿದುಬಂದಿದೆ. ಅಚ್ಚಿನಲ್ಲಿ ಇಲ್ಲದ ಒಂದು ಕಂಡಿಕೆ ಅದರ ಕೊನೆಯಲ್ಲಿದೆ. ಎಲ್ಲ ಇರವಿಗೂ ಆಸರೆಯಾದ ದೇವರನ್ನು ನಂಬುವವರು ಆತ ಮರೆಯಲ್ಲಿರುವ ದೇವರೆಂದೂ ನಂಬುತ್ತಾರೆ, ಇಂದಿನ ಭೌತಶಾಸ್ತ್ರ ಸೃಷ್ಟಿಯ ಮುಂದೆ ತೆರೆಯೊಂದನ್ನು ಇಳಿಬಿಟ್ಟಿರುವುದನ್ನು ಕಂಡು ಅವರಿಗೆ ಸಂತೋಷವೇ ಆದೀತು ಎಂಬ ಅರ್ಥದ ಮಾತುಗಳು. ಆ ಕಂಡಿಕೆಯ ಮೇಲೆ ಗೀಟು ಎಳೆದಿದೆ.