ಹವಿಯೆರ್: ‘ಹೊಸಮನಿ’ ಎಂಬ ಗಡಿ ಹಳ್ಳಿ



ಝೇವಿಯರ್, ಕ್ಷೇವಿಯರ್, ಶೌರಿ, ಚೌರಪ್ಪ. ನಮ್ಮ ಕನ್ನಡ ಕ್ರೈಸ್ತ ಮನೆಗಳಲ್ಲಿ ಈ ಹೆಸರುಗಳಿಗೆ ಬರವಿಲ್ಲ. ಇವೆಲ್ಲ ಒಂದೇ ಬೇರಿನವು. ಆದರೆ ಆ ಬೇರು ಒಬ್ಬ ಮನುಷ್ಯನ ಹೆಸರಲ್ಲ, ಒಂದು ಊರಿನ ಹೆಸರು. ಸ್ಪೇನ್ ದೇಶದ ಉತ್ತರಕ್ಕೆ, ಪಿರೆನೀಸ್ ಬೆಟ್ಟಗಳ ದಕ್ಷಿಣಕ್ಕೆ, ನವಾರಾ ಪ್ರಾಂತ್ಯದಲ್ಲಿ ಹವಿಯೆರ್ ಎಂಬ ಹಳ್ಳಿ ಇದೆ. ಅಲ್ಲಿರುವವರು ಸುಮಾರು ನೂರು ಜನ ಮಾತ್ರ. ಬಾಸ್ಕ್ ಭಾಷೆಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರಿ’ ಎಂದರೆ ಹೊಸದು. ಎಚೆಬೆರಿ ಸವೆದು ಸವೆದು ಹವಿಯೆರ್ ಆಯಿತು. ಅಂದರೆ ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಮಲಗಿರುವ ನಮ್ಮ ಸಂತರ ಅಡ್ಡಹೆಸರನ್ನು ಧಾರವಾಡದ ಕಡೆಯ ಮಾತಿನಲ್ಲಿ ಹೇಳಿದರೆ ‘ಹೊಸಮನಿ’!

ಈ ಹೊಸಮನಿ ನಿಂತದ್ದು ಗಡಿಯಲ್ಲಿ. ಒಂದು ಕಡೆ ನವಾರಾ ರಾಜ್ಯ, ಇನ್ನೊಂದು ಕಡೆ ಅರಗಾನ್. ಗಡಿ ಕಾಯಲು ಕಟ್ಟಿದ ಗೋಪುರದ ಸುತ್ತ ಕೋಟೆ ಬೆಳೆಯಿತು, ಕೋಟೆಯ ಪಕ್ಕ ಹಳ್ಳಿ ಬೆಳೆಯಿತು. 1223ರಲ್ಲಿ ಕೋಟೆಯನ್ನು ಸಾಲಕ್ಕೆ ಒತ್ತೆ ಇಟ್ಟವರು ಅದನ್ನು ಬಿಡಿಸಿಕೊಳ್ಳಲಾಗದೆ ಅದು ನವಾರಾ ರಾಜನ ಕೈಸೇರಿತು. ಗಡಿಯ ಊರುಗಳನ್ನು ಯಾರು ಯಾವಾಗ ಯಾವ ಕಡೆಗೆ ಸೇರಿಸುತ್ತಾರೋ ಹೇಳಲಾಗದು. ಇದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

1506ರ ಏಪ್ರಿಲ್ 7ರಂದು ಫ್ರಾನ್ಸಿಸ್ ಹುಟ್ಟಿದ್ದು ಈ ಕೋಟೆಯಲ್ಲೇ. ಕೋಟೆ ತಾಯಿ ಮರಿಯಾ ಅಜ್‌ಪಿಲಿಕ್ವೆತಾ ಅವರ ತವರಿನ ಆಸ್ತಿ. ತಂದೆ ಹುವಾನ್ ದೆ ಹಾಸೊ ಕಾನೂನು ಪಂಡಿತರು, ನವಾರಾ ರಾಜನ ಪರಿಷತ್ತಿನ ಅಧ್ಯಕ್ಷರು. ಊರಿನ ಸುತ್ತ ಕುರಿಗಳದೇ ಕಾರುಬಾರು. ರೊಂಕಾಲ್ ಕಣಿವೆಯ ಕುರುಬರು ಚಳಿಗಾಲ ಬಂತೆಂದರೆ ಬೆಟ್ಟ ಇಳಿದು ದಕ್ಷಿಣದ ಬಯಲಿಗೆ ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು, ಬೇಸಿಗೆಗೆ ಮತ್ತೆ ಬೆಟ್ಟಕ್ಕೆ. ಹಾಯ್ದು ಹೋಗುವ ಹಿಂಡುಗಳ ಸುಂಕ ಕೋಟೆಯವರಿಗೆ ಒಂದು ಆದಾಯ. ಅದರ ಜೊತೆಗೇ ಜಗಳ, ವ್ಯಾಜ್ಯ.

ಬಾಲಕನಿಗೆ ಆರು ವರ್ಷವಿದ್ದಾಗ, 1512ರಲ್ಲಿ, ಅರಗಾನಿನ ರಾಜ ಫರ್ಡಿನಾಂಡ್‌ನ ಸೈನ್ಯ ನವಾರಾಕ್ಕೆ ನುಗ್ಗಿತು. 1515ರಲ್ಲಿ ನವಾರಾವನ್ನು ಕಾಸ್ಟೀಲ್‌ಗೆ ಸೇರಿಸಿದರು. ಅದೇ ವರ್ಷ ತಂದೆ ತೀರಿಕೊಂಡರು. ಮರುವರ್ಷ ನವಾರಾದವರು ತಮ್ಮ ರಾಜ್ಯ ಮರಳಿ ಪಡೆಯಲು ನಡೆಸಿದ ಪ್ರಯತ್ನ ಸೋತಿತು. ಆಗ ಕಾಸ್ಟೀಲ್‌ನ ಆಡಳಿತ ನೋಡಿಕೊಳ್ಳುತ್ತಿದ್ದವರು ಕಾರ್ಡಿನಲ್ ಸಿಸ್ನೆರೊಸ್. ನವಾರಾದ ಕೋಟೆಗಳನ್ನು ಕೆಡವಿ ಎಂದು ಆಜ್ಞೆ ಹೊರಟಿತು. ಹವಿಯೆರ್‌ನ ಹೊರಗೋಡೆ ಬಿತ್ತು, ಕಂದಕ ಮುಚ್ಚಿತು, ಗೋಪುರದ ಎತ್ತರ ಇಳಿಯಿತು. ಉಳಿದದ್ದು ಸಂಸಾರ ಇರಲು ಬೇಕಾದಷ್ಟು ಮನೆ. ಆಜ್ಞೆ ಕೊಟ್ಟವರು ಧರ್ಮಸಭೆಯ ಕಾರ್ಡಿನಲ್, ಮನೆ ಕಳೆದುಕೊಂಡವನು ಮುಂದೆ ಧರ್ಮಸಭೆಯ ಸಂತ. ಹತ್ತು ವರ್ಷದ ಹುಡುಗ ಇದನ್ನು ಅಂಗಳದಲ್ಲಿ ನಿಂತು ನೋಡಿರಬೇಕು.

ಅಣ್ಣಂದಿರಾದ ಮಿಗೆಲ್ ಮತ್ತು ಹುವಾನ್ ಕತ್ತಿ ಹಿಡಿದರು. 1521ರ ಮೇ ತಿಂಗಳಲ್ಲಿ ಫ್ರೆಂಚರ ನೆರವಿನಿಂದ ನವಾರಾ ಪಕ್ಷ ಪಾಂಪ್ಲೋನಾ ನಗರಕ್ಕೆ ಮುತ್ತಿಗೆ ಹಾಕಿದಾಗ, ಕಾಸ್ಟೀಲ್ ಪರವಾಗಿ ಒಳಗಿದ್ದು ಕಾದಾಡಿ ಕಾಲಿಗೆ ಫಿರಂಗಿ ಗುಂಡು ತಿಂದವರು ಯಾರು ಗೊತ್ತೇ? ಲೊಯೋಲದ ಇಗ್ನಾಸಿಯವರು! ಎಂಟು ವರ್ಷದ ಮೇಲೆ ಪ್ಯಾರಿಸ್‌ನ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಫ್ರಾನ್ಸಿಸರ ಕೋಣೆಗೆ ಬಂದು ಸೇರಿದ್ದು ಅದೇ ಕುಂಟುಗಾಲಿನ ಮನುಷ್ಯ. ಫ್ರಾನ್ಸಿಸರು ಅವರನ್ನು ಬಹಳ ದಿನ ಹತ್ತಿರ ಸೇರಿಸಲಿಲ್ಲ ಎಂದು ಚರಿತ್ರಕಾರರು ಬರೆಯುತ್ತಾರೆ. ನಮಗಂತೂ ಇದರಲ್ಲಿ ಆಶ್ಚರ್ಯವಿಲ್ಲ. ಮನೆ ಮುರಿದ ಪಕ್ಷದವರೊಂದಿಗೆ ಊಟಕ್ಕೆ ಕೂರುವುದು ಸುಲಭವೇ? 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಇಬ್ಬರೂ ಒಟ್ಟಿಗೆ ಪ್ರತಿಜ್ಞೆ ಮಾಡಿದರು. ಯೇಸುಸಭೆಯ ಬೀಜ ಬಿದ್ದದ್ದು ಅಲ್ಲಿ.

ಫ್ರಾನ್ಸಿಸರು 1525ರಲ್ಲಿ ಪ್ಯಾರಿಸ್‌ಗೆ ಹೊರಟವರು ಹಳ್ಳಿಗೆ ಬಂದು ಮತ್ತೆಂದೂ ನೆಲೆಸಲಿಲ್ಲ. 1529ರಲ್ಲಿ ತಾಯಿ ತೀರಿಕೊಂಡರು. 1541ರ ಏಪ್ರಿಲ್ 7, ತಮ್ಮ 35ನೇ ಹುಟ್ಟುಹಬ್ಬದಂದು, ಲಿಸ್ಬನ್‌ನಲ್ಲಿ ಹಡಗು ಹತ್ತಿದರು. 1542ರ ಮೇ 6ರಂದು ಗೋವಾ ಮುಟ್ಟಿದರು. ಆದರೆ ಊರು ಅವರ ನಾಲಿಗೆಯಲ್ಲಿ ಉಳಿದಿತ್ತು. 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಇಲ್ಲಿಯ ಜನರಿಗೂ ತನಗೂ ಮಾತು ತಿಳಿಯದು, ಅವರದು ಮಲಬಾರಿನ ಭಾಷೆ, ತನ್ನದು ಬಾಸ್ಕ್ ಎಂಬ ಅರ್ಥದ ಮಾತಿದೆ. ಅವರು ಮಲಬಾರಿನ ಭಾಷೆ ಎಂದದ್ದು ಇಂದಿನ ತಮಿಳಿಗೆ. ದೊಡ್ಡ ಭಾಷೆಗಳ ನಡುವೆ ತಾಯ್ನುಡಿ ಇಟ್ಟುಕೊಂಡವರ ಮಾತು ಇದು.

ಇನ್ನೊಂದನ್ನೂ ಹೇಳಬೇಕು. 1546ರಲ್ಲಿ ಗೋವಾಕ್ಕೆ ಇನ್ಕ್ವಿಸಿಷನ್ ಬೇಕೆಂದು ಪೋರ್ಚುಗಲ್ ರಾಜನಿಗೆ ಬರೆದವರೂ ಇದೇ ಫ್ರಾನ್ಸಿಸರು. ಅದು ಬಂದದ್ದು 1560ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳ ಮೇಲೆ. ಅದರಿಂದ ಗೋವಾದ ಎಷ್ಟೋ ಮನೆಗಳು ನರಳಿದವು. ರಾಜಾಜ್ಞೆಯಿಂದ ಮನೆ ಮುರಿದದ್ದನ್ನು ಕಂಡವರು ಹೀಗೆ ಕೇಳಿಕೊಂಡರಲ್ಲ ಎಂಬ ಪ್ರಶ್ನೆ ನಮ್ಮ ಯುವಕೂಟದಲ್ಲಿ ಎದ್ದಿತು. ಅದನ್ನು ಮುಚ್ಚಿಡುವುದು ಬೇಡ ಎಂದುಕೊಂಡೇ ಇಲ್ಲಿ ಬರೆದಿದ್ದೇವೆ.

ಮುರಿದ ಕೋಟೆ ಬಹುಕಾಲ ಹಾಗೇ ಇತ್ತು. 19ನೇ ಶತಮಾನದ ಕೊನೆಗೆ ವಿಯಾಎರ್ಮೋಸಾದ ಡಚೆಸ್ ಹಣ ಕೊಟ್ಟು ಜೀರ್ಣೋದ್ಧಾರ ಮಾಡಿಸಿದರು, ಪಕ್ಕದಲ್ಲೇ ಒಂದು ಬೆಸಿಲಿಕಾ ಕಟ್ಟಿಸಿದರು. ಕೋಟೆಯ ಪ್ರಾರ್ಥನಾಲಯದಲ್ಲಿ ಅಕ್ರೋಟ ಮರದಲ್ಲಿ ಕೆತ್ತಿದ ಶಿಲುಬೆಯ ಯೇಸುವಿದ್ದಾರೆ. ಅವರ ಮುಖದಲ್ಲಿ ಕಾಣುವುದು ಮುಗುಳ್ನಗೆ. ಸುತ್ತಲ ಗೋಡೆಯ ಮೇಲೆ ಕುಣಿಯುವ ಅಸ್ಥಿಪಂಜರಗಳ ಚಿತ್ರ. ಬಾಲಕ ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದದ್ದು ಈ ಶಿಲುಬೆಯ ಮುಂದೆ ಎಂದು ನಂಬಿಕೆ.

1885ರಲ್ಲಿ ನವಾರಾದಲ್ಲಿ ಕಾಲರಾ ಹರಡಿದಾಗ ಜನ ಸಂತರಿಗೆ ಹರಕೆ ಹೊತ್ತರು. ಮರುವರ್ಷ ಸಾವಿರಾರು ಜನ ಹವಿಯೆರ್‌ಗೆ ಬಂದು ಹರಕೆ ತೀರಿಸಿದರು. ಇಂದಿಗೂ ಪ್ರತಿ ಮಾರ್ಚ್‌ನಲ್ಲಿ ‘ಹವಿಯೆರಾದಾ’ ನಡೆಯುತ್ತದೆ. ಪಾಂಪ್ಲೋನಾದಿಂದ ಸುಮಾರು 50 ಕಿಲೋಮೀಟರ್. ಡಿಸೆಂಬರ್ ಹಬ್ಬಕ್ಕೆ ಹಳೇ ಗೋವಾಕ್ಕೆ ನಡೆದುಹೋಗುವವರಂತೆಯೇ ಅವರೂ ಬೆನ್ನಿಗೆ ಚೀಲ ಕಟ್ಟಿಕೊಂಡು, ಚಳಿಯಲ್ಲಿ, ಕಾಲು ಬೊಬ್ಬೆ ಬಂದರೂ ನಡೆಯುತ್ತಾರೆ. ಕೊನೆಯ ಏಳೆಂಟು ಕಿಲೋಮೀಟರ್, ಸಾಂಗ್ವೆಸಾ ಪಟ್ಟಣದಿಂದ ಮುಂದೆ, ಎಲ್ಲರೂ ಕೂಡಿ ಶಿಲುಬೆಹಾದಿಯ ಪ್ರಾರ್ಥನೆ ಮಾಡುತ್ತ ನೂರು ಜನರ ಆ ಹಳ್ಳಿಯನ್ನು ತುಂಬುತ್ತಾರೆ.