ಒಂದು ಅಂಕಿತದ ವಿಳಂಬ: ರಾಷ್ಟ್ರಪತಿಯ ಪುನಃಪರಿಶೀಲನಾಧಿಕಾರದ ಪೂರ್ವೇತಿಹಾಸ

ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಗೆ ಬದ್ಧನೇ ಎಂಬ ಪ್ರಶ್ನೆಗೆ 1950ರ ಸಂವಿಧಾನದ ಅಕ್ಷರದಲ್ಲಿ ಸ್ಪಷ್ಟವಾದ ಉತ್ತರವಿರಲಿಲ್ಲ. ಸಹಾಯಕ್ಕೂ ಸಲಹೆಗೂ ಒಂದು ಮಂತ್ರಿಮಂಡಲವಿರತಕ್ಕದ್ದೆಂದು ಹೇಳಿ 74ನೆಯ ವಿಧಿಯು ಸುಮ್ಮನಾಗಿತ್ತು. ಇಂಗ್ಲೆಂಡಿನ ಸಂಪ್ರದಾಯವೇ ಇಲ್ಲಿಯೂ ನಡೆಯುವುದೆಂದು ಎಲ್ಲರೂ ನಂಬಿದ್ದರು. ಎಲ್ಲರೂ ಎಂದೆವು, ಆದರೆ ಪ್ರಥಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೇ 1960ರಲ್ಲಿ ಈ ವಿಷಯವನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಬಹಿರಂಗವಾಗಿ ಕೋರಿದ್ದುಂಟು. 1976ರ 42ನೆಯ ತಿದ್ದುಪಡಿಯು ಈ ಸಂದಿಗ್ಧವನ್ನು ಕಳೆದು, ಸಲಹೆಯಂತೆಯೇ ನಡೆಯತಕ್ಕದ್ದೆಂದು ವಿಧಿಸಿತು.

ಈ ಕಟ್ಟಳೆ ಜಾರಿಗೆ ಬಂದು ನಾಲ್ಕು ತಿಂಗಳು ತುಂಬುವ ಮೊದಲೇ ಅದರ ಪರೀಕ್ಷೆ ಒದಗಿತು. ಆ ಪರೀಕ್ಷೆಗೆ ಒಳಗಾದವರು ಕನ್ನಡಿಗರೊಬ್ಬರು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ನಿಧನರಾಗಲು, ಉಪರಾಷ್ಟ್ರಪತಿಗಳಾಗಿದ್ದ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಜಮಖಂಡಿಯ ಸಾವಳಗಿಯಲ್ಲಿ ಜನಿಸಿದ ಇವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು.

ಮಾರ್ಚಿಯ ಲೋಕಸಭಾ ಚುನಾವಣೆಯಲ್ಲಿ ಗೆದ್ದ ಜನತಾ ಸರ್ಕಾರವು ಕಾಂಗ್ರೆಸ್ಸಿನ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ನಿರ್ಧರಿಸಿತು. ಜನರ ವಿಶ್ವಾಸವನ್ನು ಆ ಸರ್ಕಾರಗಳು ಕಳೆದುಕೊಂಡಿವೆಯೆಂಬುದು ಅದರ ವಾದ. (ಕಾಂಗ್ರೆಸ್ಸಿಗೆ 28ರಲ್ಲಿ 26 ಸ್ಥಾನಗಳನ್ನು ಕೊಟ್ಟ ಕರ್ನಾಟಕವು ಆ ಪಟ್ಟಿಯಲ್ಲಿರಲಿಲ್ಲ.) ಆರು ರಾಜ್ಯಗಳು ಹೂಡಿದ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 29ರಂದು ಏಕಮತದಿಂದ ವಜಾ ಮಾಡಿತು. ಆದರೂ ಜತ್ತಿಯವರು ಒಡನೆಯೇ ಅಂಕಿತ ಹಾಕಲಿಲ್ಲ. ಯೋಚಿಸಲು ಕಾಲಾವಕಾಶ ಬೇಕೆಂದರು. ಮಂತ್ರಿಮಂಡಲವು ಪಟ್ಟು ಸಡಿಲಿಸಲಿಲ್ಲ. ಏಪ್ರಿಲ್ 30ರಂದು ಅಂಕಿತ ಬಿದ್ದಿತು.

ಹಳೆಯ ಪಕ್ಷದ ಮೇಲಣ ಮಮತೆಯೇ ಈ ವಿಳಂಬಕ್ಕೆ ಕಾರಣವೆಂದು ಅಂದು ಟೀಕಿಸಿದವರಿದ್ದರು. ಅಂತರಂಗದ ಉದ್ದೇಶವನ್ನು ತೂಗುವ ತಕ್ಕಡಿ ಇತಿಹಾಸಕಾರನ ಬಳಿ ಇಲ್ಲ. ನಮಗೆ ಮುಖ್ಯವಾಗಿ ತೋರುವುದು ಬೇರೊಂದು ಸಂಗತಿ. ಸಲಹೆ ಕೇಳಲ್ಪಡುವ, ಪ್ರೋತ್ಸಾಹಿಸುವ, ಎಚ್ಚರಿಸುವ ಮೂರು ಹಕ್ಕುಗಳು ಇಂಗ್ಲೆಂಡಿನ ದೊರೆಗೆ ಉಂಟೆಂದು ಬ್ಯಾಜಟನು ಎಣಿಸಿದ್ದನು. ಆ ದೊರೆಯ ಕಟ್ಟುಪಾಡನ್ನು ನಮ್ಮ 42ನೆಯ ತಿದ್ದುಪಡಿ ಅಕ್ಷರಕ್ಕಿಳಿಸಿತು, ಹಕ್ಕುಗಳ ಮಾತನ್ನೆತ್ತಲಿಲ್ಲ. ಜತ್ತಿಯವರು ಬೇಡಿದ ಅವಕಾಶಕ್ಕೆ ಸಂವಿಧಾನದಲ್ಲಿ ಒಂದು ಪದದ ಆಧಾರವೂ ಇರಲಿಲ್ಲ.

ಆ ಆಧಾರವನ್ನು ಒದಗಿಸಿದ್ದು ಅದೇ ಜನತಾ ಸರ್ಕಾರವೆಂಬುದು ಸ್ವಾರಸ್ಯದ ಸಂಗತಿ. ಸಲಹೆಯನ್ನು ಒಮ್ಮೆ ಪುನಃಪರಿಶೀಲನೆಗೆ ಹಿಂದಿರುಗಿಸಬಹುದು, ಮರಳಿ ಬಂದರೆ ಅದರಂತೆ ನಡೆಯಬೇಕು ಎಂಬ ಉಪಬಂಧವು 44ನೆಯ ತಿದ್ದುಪಡಿಯಲ್ಲಿ ಸೇರಿತು. ಅದಕ್ಕೆ ಅಂಕಿತ ದೊರೆತದ್ದು, ಕಾಕತಾಳೀಯವೆಂಬಂತೆ, 1979ರ ಏಪ್ರಿಲ್ 30ರಂದು.

ಇದರ ಬಲವನ್ನು ತೋರಿಸಿದವರು ಕೆ. ಆರ್. ನಾರಾಯಣನ್. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಅವರು ಹಿಂದಿರುಗಿಸಲು, ಗುಜ್ರಾಲರ ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. 1998ರ ಸೆಪ್ಟೆಂಬರಿನಲ್ಲಿ ಬಿಹಾರದ ವಿಷಯದಲ್ಲಿ ವಾಜಪೇಯಿಯವರ ಸರ್ಕಾರಕ್ಕೂ ಹೀಗೆಯೇ ಆಯಿತು. 1999ರ ಫೆಬ್ರವರಿಯಲ್ಲಿ ಬಿಹಾರಕ್ಕೆ ಸಂಬಂಧಿಸಿ ಮತ್ತೆ ಶಿಫಾರಸು ಬಂದಾಗ ಅವರು ಅಂಕಿತ ಹಾಕಿದರು. ಆದರೆ ರಾಜ್ಯಸಭೆಯ ಒಪ್ಪಿಗೆ ದೊರೆಯದೆಂದು ಕಂಡ ಸರ್ಕಾರ, ಮಾರ್ಚಿಯಲ್ಲಿ ಆ ಘೋಷಣೆಯನ್ನು ತಾನೇ ಹಿಂತೆಗೆದುಕೊಂಡಿತು.